ಖಂಬಾಟ್ಕಿ ಘಾಟಿನಲ್ಲಿ ಸುಟ್ಟ ಕ್ಲಚ್: ತಿಪಟೂರಿನಿಂದ ಚಾಕಣ, ಚಾಕಣದಿಂದ ಯಶವಂತಪುರ

ಸೋಮವಾರ

ತಿಪಟೂರಿನಲ್ಲಿ ತೆಂಗಿನಕಾಯಿ ತುಂಬಿಸಿಕೊಂಡು ನಮ್ಮ ಹತ್ತು ಚಕ್ರದ ಲಾರಿ ಹೊರಡುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಹುಳಿಯಾರು, ಹಿರಿಯೂರು ದಾಟಿ ಬೆಂಗಳೂರು–ಪುಣೆ ಹೆದ್ದಾರಿ ಹಿಡಿದು, ಪುಣೆಯ ಗುಲ್‌ಟೇಕಡಿ ಮಾರ್ಕೆಟ್ ಯಾರ್ಡಿನಲ್ಲಿ ಕಾಯಿ ಇಳಿಸಿ, ಅಲ್ಲಿಂದ ಚಾಕಣಕ್ಕೆ ಹೋಗಿ ಈರುಳ್ಳಿ ಹೇರಿಕೊಂಡು ಯಶವಂತಪುರದ ಎಪಿಎಂಸಿಗೆ ಮರಳುವುದು ನಮ್ಮ ಲೆಕ್ಕವಾಗಿತ್ತು. ಗಾಡಿ ಮನೆಯದೇ, ನಡೆಸುವವರು ನನ್ನ ಸೋದರಮಾವ. ಬಾಡಿಗೆ, ಡೀಸೆಲ್, ಟೋಲ್‌ಗಳ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಕ್ಲೀನರ್ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬ ಜೊತೆಗಿದ್ದ. ಫೆಬ್ರವರಿಯ ಬಿಸಿಲು ಇನ್ನೂ ಹದವಾಗಿದ್ದುದರಿಂದ ಟಯರುಗಳ ಚಿಂತೆಯಿಲ್ಲದೆ ಸಾಗಿ, ರಾತ್ರಿ ದಾವಣಗೆರೆಯ ಆಚೆ ಢಾಬಾವೊಂದರ ಬಳಿ ಮಲಗಿದೆವು.

ಮಂಗಳವಾರ

ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಕರಾಡ, ಸಾತಾರಾ. ಇಡೀ ಹಗಲು ರಸ್ತೆಯ ಮೇಲೆಯೇ ಕಳೆಯಿತು. ಸಾತಾರಾ ದಾಟಿದ ಮೇಲೆ ಸಿಗುವ ಖಂಬಾಟ್ಕಿಯಲ್ಲಿ ಪುಣೆಯ ಕಡೆಗೆ ಹೋಗುವವರಿಗೆ ಸುರಂಗವಿದೆ. ಪುಣೆಯಿಂದ ಬರುವವರು ಮಾತ್ರ ಆಗ ಹಳೆಯ ಘಾಟಿನ ಏರು ಹತ್ತಿ ಇಳಿಯಬೇಕಿತ್ತು. ಹೋಗುವಾಗ ಸುರಂಗದಲ್ಲಿ ಸಲೀಸಾಗಿ ದಾಟಿದೆವು. ಕಾತ್ರಜದ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರನ್ನು ಮಾವ ಕೆಳ ಗೇರಿನಲ್ಲಿ, ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ಎಂಜಿನ್ನಿನಿಂದಲೇ ವೇಗ ತಗ್ಗಿಸುವ ವ್ಯವಸ್ಥೆ) ಹಾಕಿಕೊಂಡು, ಹಿಂದಿನವರು ಎಷ್ಟೇ ಹಾರನ್ ಹೊಡೆದರೂ ಕಿವಿಗೊಡದೆ ಇಳಿಸಿದರು. 2022ರ ನವೆಂಬರಿನಲ್ಲಿ ಹತೋಟಿ ತಪ್ಪಿದ ಭಾರಿ ಲಾರಿಯೊಂದು ಹತ್ತಾರು ವಾಹನಗಳನ್ನು ಜಖಂಗೊಳಿಸಿದ್ದು ಇದೇ ಇಳಿಜಾರಿನಲ್ಲಿ. ಡೀಸೆಲ್ ಉಳಿಸುವ ಆಸೆಗೆ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಇಳಿಸುವ ಅಭ್ಯಾಸ ನಮ್ಮ ಕಸುಬಿನಲ್ಲಿ ಎಷ್ಟು ಜೀವಗಳನ್ನು ತೆಗೆದಿದೆಯೆಂಬುದನ್ನು ಬಲ್ಲವರಿಗೆ ಈ ಎಚ್ಚರ ಅತಿಯೆಂದು ತೋರಲಾರದು.

ಬುಧವಾರ

ಬೆಳಗಿನ ಜಾವವೇ ಕಾಯಿ ಇಳಿಯಿತು. ಯಾರ್ಡಿನೊಳಗೆ ಹಿಂದೆ ಮುಂದೆ ಮಾಡುವಾಗ ಪೆಡಲನ್ನು ಬಹುಪಾಲು ಬಿಟ್ಟ ಮೇಲಷ್ಟೇ ಗಾಡಿ ಎಳೆಯತೊಡಗಿದ್ದನ್ನು ಮಾವ ಗಮನಿಸಿದರು. "ಕ್ಲಚ್ ತೀರಾ ಮೇಲೆ ಹಿಡೀತಿದೆ ಕಣಪ್ಪ, ತೋರಿಸ್ಕೊಂಡೇ ಲೋಡ್ ಮಾಡೋಣ" ಎಂದರು. ಹೆದ್ದಾರಿ ಬದಿಯ ಮೆಕ್ಯಾನಿಕ್ ಒಬ್ಬರು ಕ್ಲಚ್ ಬೂಸ್ಟರಿನ (ಪೆಡಲಿನ ಒತ್ತಿಗೆ ಗಾಳಿಯ ಬಲ ಸೇರಿಸುವ ಭಾಗ) ರಾಡನ್ನು ಸರಿಹೊಂದಿಸಿ ಪೆಡಲಿಗೆ ಬೇಕಾದ ಸಡಿಲ ಕೊಟ್ಟರು. ಆ ಸಡಿಲ ಇಲ್ಲದಿದ್ದರೆ, ಕಾಲು ಪೆಡಲಿನ ಮೇಲಿಲ್ಲದಾಗಲೂ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್, ಕ್ಲಚ್ ಪ್ಲೇಟನ್ನು ಅದುಮಿ ಹಿಡಿಯುವ ಪ್ರೆಷರ್ ಪ್ಲೇಟನ್ನು ಒತ್ತುತ್ತಲೇ ಇದ್ದು, ಕ್ಲಚ್ ಪ್ಲೇಟ್ ಜಾರುತ್ತದೆ. ಆದುದರಿಂದ ಮೊದಲು ನೋಡಬೇಕಾದದ್ದು ಅದನ್ನೇ. ಖಾಲಿ ಗಾಡಿ ಚಾಕಣದವರೆಗೆ ಯಾವ ತಕರಾರೂ ಇಲ್ಲದೆ ಓಡಿತು.

ಚಾಕಣದ ಮಾರುಕಟ್ಟೆ ಈರುಳ್ಳಿಗೆ ಹೆಸರಾದದ್ದು. ಫೆಬ್ರವರಿಯಲ್ಲಿ ಅಲ್ಲಿಗೆ ಬರುವ ಮಾಲಿನಲ್ಲಿ ತಡವಾದ ಮುಂಗಾರಿನ ಬೆಳೆಯೇ ಹೆಚ್ಚು. ಬೇಸಿಗೆಯ ಗಡ್ಡೆಯ ಹಾಗೆ ತಿಂಗಳುಗಟ್ಟಲೆ ಇಡಲು ಅದು ಬರುವುದಿಲ್ಲ. ಸಿಪ್ಪೆ ತೆಳು, ಹಸಿ ಅಂಶ ಜಾಸ್ತಿ. ಐವತ್ತು ಕಿಲೊದ ಚೀಲಗಳಲ್ಲಿ 18 ಟನ್ ಹೇರಿಸಿದೆವು. ತೂಕದ ನಿಯಮಕ್ಕೆ 2018ರಲ್ಲಾದ ತಿದ್ದುಪಡಿಯ ನಂತರ ನಮ್ಮಂಥ ಮೂರು ಆಕ್ಸಲಿನ ಗಾಡಿಗೆ ಮಾಲೂ ಸೇರಿ 28.5 ಟನ್ ತೂಕದವರೆಗೆ ಅವಕಾಶವಿದೆ. ನಾವು ಅದಕ್ಕಿಂತ ಒಳಗೇ ಇದ್ದೆವು. ಮುಂದೆ ಆದದ್ದಕ್ಕೆ ಅತಿಭಾರ ಕಾರಣವಲ್ಲವೆಂಬುದು ಸ್ಪಷ್ಟವಾಗಲೆಂದು ಇದನ್ನು ಹೇಳಿದ್ದೇನೆ.

ಗುರುವಾರ

ನಸುಕಿಗೆ ಮುಂಚೆ ಹೊರಟು, ಪುಣೆಯ ಹೊರವರ್ತುಲದಲ್ಲಿ ವಾಹನಗಳು ಹೆಚ್ಚುವ ಮೊದಲೇ ಕಾತ್ರಜ ಹತ್ತಿದೆವು. ಆ ಏರಿನಲ್ಲಿ ಒಮ್ಮೆ ಎಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರಿನ ಸೂಜಿ ಸರಕ್ಕನೆ ಮೇಲೆದ್ದು ಮತ್ತೆ ಇಳಿಯಿತು. ಮಾವ ಏನೂ ಹೇಳಲಿಲ್ಲ. ಆದರೆ ಶಿರವಳದಲ್ಲಿ ಚಹಾಕ್ಕೆಂದು ನಿಲ್ಲಿಸಿ, ಗಾಡಿಯ ಕೆಳಗೆ ತೂರಿ ಕ್ಲಚ್ಚಿನ ಹೊರಕವಚವಾದ ಬೆಲ್ ಹೌಸಿಂಗನ್ನು ಕೈಯಿಂದ ಮುಟ್ಟಿ ಬಂದರು. ಅದು ವಿಪರೀತ ಬಿಸಿಯಾಗಿರಲಿಲ್ಲ. ಅರ್ಧ ಗಂಟೆ ಆರಲು ಬಿಟ್ಟು ಹೊರಟೆವು.

ಖಂಡಾಳಾ ಊರು ದಾಟಿ ಖಂಬಾಟ್ಕಿಯ ಏರು ಶುರುವಾದ ಮೇಲೆ ಎಲ್ಲವೂ ನಿಚ್ಚಳವಾಯಿತು. ಮೂರನೆಯ ಗೇರಿನಲ್ಲಿ ಎಂಜಿನ್ ಗಟ್ಟಿಯಾಗಿ ಕೂಗುತ್ತಿದ್ದರೂ ಗಾಡಿಯ ವೇಗ ಇಳಿಯುತ್ತಲೇ ಹೋಯಿತು. ಮಾವ ಎರಡನೆಯ ಗೇರಿಗೆ ತಂದರು. ಸೂಜಿ 1500ರಿಂದ 2200ಕ್ಕೆ ಏರಿತು, ಚಕ್ರಗಳು ಮಾತ್ರ ತೆವಳಿದವು. ಅಷ್ಟರಲ್ಲಿ ಕ್ಯಾಬಿನ್ನಿನೊಳಗೆ ಕ್ಲಚ್ ಪ್ಲೇಟಿನ ಮೇಲಿನ ಲೈನಿಂಗ್ (ಉಜ್ಜುವ ಪದರ) ಸುಟ್ಟ ಕಮಟು ತುಂಬಿತು. ಬ್ರೇಕ್ ಸುಟ್ಟ ವಾಸನೆಗೂ ಇದಕ್ಕೂ ವ್ಯತ್ಯಾಸವಿದೆ; ಬ್ರೇಕಿನದು ಹೊರಗಿನಿಂದ, ಚಕ್ರಗಳ ಕಡೆಯಿಂದ ಬರುತ್ತದೆ. ಇದು ಕಾಲ ಬುಡದಿಂದ, ಗೇರ್ ಲಿವರಿನ ರಬ್ಬರ್ ಹೊದಿಕೆಯ ಸಂದಿನಿಂದ ತೆಳುವಾದ ನೀಲಿ ಹೊಗೆಯೊಂದಿಗೆ ಏಳುತ್ತಿತ್ತು. ರಸ್ತೆಯ ಎಡಬದಿ ಕೊಂಚ ಅಗಲವಾದ ತಾವು ಕಂಡೊಡನೆ ಮಾವ ಗಾಡಿಯನ್ನು ಅಲ್ಲಿಗೆ ಒಯ್ದು ನಿಲ್ಲಿಸಿದರು.

ಹುಡುಗ ಹಾರಿ ಇಳಿದು ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟ. ನಾನು ತ್ರಿಕೋನದ ಹೊಳೆಯುವ ಫಲಕವನ್ನು ತಿರುವಿಗಿಂತ ಹಿಂದೆ, ಬರುವವರಿಗೆ ದೂರದಿಂದಲೇ ಕಾಣುವಂತೆ ಇಟ್ಟು, ಅದಕ್ಕೂ ಹಿಂದೆ ಗಿಡದ ಸೊಪ್ಪು ಕಡಿದು ಹಾಕಿ ಬಂದೆ. ತಿರುವಿನಲ್ಲಿ ಗಾಡಿ ಕೆಟ್ಟಾಗ ಫಲಕವನ್ನು ಗಾಡಿಯ ಬೆನ್ನಿಗೇ ಇಡುವವರನ್ನು ಎಷ್ಟೋ ಕಡೆ ಕಂಡಿದ್ದೇನೆ. ತಿರುವು ಮುಗಿಸಿ ಬರುವವನಿಗೆ ಅದು ಕಾಣುವಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಹ್ಯಾಂಡ್ ಬ್ರೇಕ್ ಎಳೆದುಕೊಂಡು, ಗಾಡಿಯನ್ನು ಐದನೆಯ ಗೇರಿಗೆ ಹಾಕಿ, ಮಾವ ಕ್ಲಚ್ಚನ್ನು ಮೆಲ್ಲನೆ ಬಿಟ್ಟರು. ಕ್ಲಚ್ ಸರಿಯಿದ್ದರೆ ಎಂಜಿನ್ ಆ ಕ್ಷಣವೇ ನಿಲ್ಲಬೇಕು. ನಮ್ಮದು ನಿಲ್ಲದೆ ಓಡುತ್ತಲೇ ಇತ್ತು. ಅಂದರೆ ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಂಟು ಕಡಿದುಹೋಗಿತ್ತು.

ಹಿಂದೆ ಬಂದು ನಿಂತ ಸಾಂಗ್ಲಿಯ ಗಾಡಿಯ ಚಾಲಕರು ಒಳ್ಳೆಯ ಮನಸ್ಸಿನಿಂದಲೇ ಒಂದು ಉಪಾಯ ಹೇಳಿದರು. ಒಂದು ಗಂಟೆ ಆರಿಸಿದರೆ ಪ್ಲೇಟ್ ತುಸು ಹಿಡಿಯುತ್ತದೆ. ಮೊದಲ ಗೇರಿನಲ್ಲೇ ತಲೆಯವರೆಗೆ ಹತ್ತಿಸಿಬಿಟ್ಟರೆ ಆಮೇಲೆ ಇಳಿಜಾರು, ಗಾಡಿ ತಾನೇ ಹೋಗುತ್ತದೆ ಎಂದರು. ಮಾವ ಕೈ ಮುಗಿದು ಬೇಡವೆಂದರು. ಏರು ಹತ್ತುವುದಕ್ಕಿಂತ ಆಮೇಲಿನ ಇಳಿಜಾರೇ ಅವರಿಗೆ ಭಯವಾಗಿತ್ತು. ಇಳಿಯುವಾಗ ಗೇರಿನಲ್ಲಿರುವ ಎಂಜಿನ್ ಗಾಡಿಯನ್ನು ತಡೆಹಿಡಿಯುವುದು, ಎಕ್ಸಾಸ್ಟ್ ಬ್ರೇಕ್ ಕೆಲಸ ಮಾಡುವುದು ಇವೆಲ್ಲ ಕ್ಲಚ್ ಪ್ಲೇಟಿನ ಮೂಲಕವೇ. ಪ್ಲೇಟ್ ಜಾರಿದರೆ ಇಪ್ಪತ್ತೇಳು ಟನ್ನಿಗೂ ಮಿಗಿಲಾದ ಭಾರವನ್ನು ಬ್ರೇಕ್ ಲೈನರುಗಳೊಂದೇ ಹೊರಬೇಕಾಗುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಅವೂ ಕಾದು ಹಿಡಿತ ಬಿಡುತ್ತವೆ. ಕ್ಲಚ್ ಹೋದ ಗಾಡಿ ಏರಿನಲ್ಲಿ ನಿಲ್ಲುತ್ತದೆ, ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಈ ಕಥನದಲ್ಲಿ ಓದುಗರು ನೆನಪಿಡಬೇಕಾದ ಮಾತು ಒಂದೇ ಇದ್ದರೆ ಅದು ಇದು.

ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ ಘಾಟಿನ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿದೆ. ಮೊದಲು ಗಸ್ತು ವಾಹನ ಬಂದು ಕೋನುಗಳನ್ನು ಜೋಡಿಸಿತು, ಆಮೇಲೆ ಕ್ರೇನ್ ಬಂತು. ಏಕಮುಖ ರಸ್ತೆಯಾದ್ದರಿಂದ ಹಿಂದಕ್ಕೆ ತಿರುಗಿಸುವ ಮಾತಿರಲಿಲ್ಲ. ಮುಂದಕ್ಕೇ ಎಳೆದು, ತಲೆ ದಾಟಿಸಿ, ಸುರೂರಿನ ಕಡೆಗೆ ಇಳಿಸಬೇಕಾಗಿತ್ತು. ಹಗ್ಗವಾಗಲಿ ಸರಪಳಿಯಾಗಲಿ ಬೇಡ, ಕಬ್ಬಿಣದ ರಾಡನ್ನೇ ಹಾಕಬೇಕೆಂದು ಮಾವ ಪಟ್ಟು ಹಿಡಿದರು. ಇಳಿಜಾರಿನಲ್ಲಿ ಹಗ್ಗ ಸಡಿಲವಾಗಿ ನಮ್ಮ ಗಾಡಿ ಕ್ರೇನಿಗೇ ಗುದ್ದುತ್ತದೆ. ಎಂಜಿನ್ನನ್ನು ಚಾಲನೆಯಲ್ಲೇ ಇಟ್ಟುಕೊಂಡು ಅವರು ಸ್ಟೀರಿಂಗಿನ ಮುಂದೆ ಕುಳಿತರು. ಗಾಳಿಯ ಒತ್ತಡ ಇಳಿದರೆ ಹಿಂದಿನ ಚಕ್ರಗಳ ಸ್ಪ್ರಿಂಗ್ ಬ್ರೇಕುಗಳು ತಾವಾಗಿಯೇ ಕಚ್ಚಿಕೊಳ್ಳುತ್ತವೆ; ಎಂಜಿನ್ ನಿಂತರೆ ಪವರ್ ಸ್ಟೀರಿಂಗೂ ಕಲ್ಲಾಗುತ್ತದೆ. ಬಹುದೂರ ಎಳೆಯುವುದಾದರೆ ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕಾಗುತ್ತಿತ್ತು. ನಮ್ಮದು ಹತ್ತಿರದ ದಾರಿ, ಹಾಗೆಯೇ ಎಳೆದರು. ಮಧ್ಯಾಹ್ನದ ಹೊತ್ತಿಗೆ ಸುರೂರಿನ ಬಳಿ, ವಾಯಿ ಊರಿನ ರಸ್ತೆ ಕವಲೊಡೆಯುವುದಕ್ಕೆ ಸ್ವಲ್ಪ ಹತ್ತಿರದಲ್ಲಿ, ಲಾರಿ ಗ್ಯಾರೇಜೊಂದರ ಅಂಗಳ ಸೇರಿದೆವು.

ಅಲ್ಲಿಯ ಮೇಸ್ತ್ರಿ ನಮ್ಮ ನಂಬರ್ ಪ್ಲೇಟ್ ನೋಡಿದವರೇ "ಬರ್ರಿ, ಚಾ ಕುಡೀರಿ ಮೊದ್ಲ" ಎಂದರು. ಸಂಕೇಶ್ವರದಲ್ಲಿ ಕೆಲಸ ಕಲಿತವರಂತೆ. ಮನೆಮಾತು ಮರಾಠಿಯಾದರೂ ಕನ್ನಡ ಬೆಳಗಾವಿಯವರ ಹಾಗೆ ಸರಾಗ. ಪರಊರಿನಲ್ಲಿ ಗಾಡಿ ಬಿಚ್ಚಿಸುವವನಿಗೆ, ಒಳಗೆ ಏನು ಹೋಗಿದೆ, ಏಕೆ ಹೋಗಿದೆ ಎಂದು ತನ್ನ ನುಡಿಯಲ್ಲೇ ಕೇಳಿ ತಿಳಿಯಲು ಸಾಧ್ಯವಾಗುವುದು ಎಷ್ಟು ದೊಡ್ಡ ಧೈರ್ಯವೆಂದು ಅಂದು ತಿಳಿಯಿತು.

"ಬರೇ ಪ್ಲೇಟ್ ಹಾಕಿ ಕೊಡಂದ್ರ ಸಂಜಿ ಒಳಗ ಕೊಡ್ತೀನ್ರಿ ಸಾವಕಾರ್ರ. ಆದ್ರ ಯಾಕ ಸುಟ್ಟೈತಿ ಅಂತ ನೋಡ್ಲಾರದ ಹಾಕಿದ್ರ, ಮತ್ತ ಸುಡ್ತೈತಿ" ಎಂದರು.

ಸುಟ್ಟ ಕಾರಣ ನೋಡಿಯೇ ಹಾಕಲಿ ಎಂದೆವು.

ಈರುಳ್ಳಿಯ ಚಿಂತೆ ಬೇರೆಯಿತ್ತು. ಯಶವಂತಪುರದ ಮಂಡಿಯವರಿಗೆ ಇದ್ದುದನ್ನು ಇದ್ದ ಹಾಗೆ ಹೇಳಿದೆ. ಬೇರೆ ಗಾಡಿ ಹಿಡಿದು ಮಾಲು ಬದಲಿಸಲೇ ಎಂದು ಕೇಳಿದಾಗ, "ಬೇಡಿ, ಎರಡೆರಡು ಸಲ ಎತ್ತಿ ಹಾಕಿದ್ರೆ ಗಡ್ಡೆಗೆ ಪೆಟ್ಟು ಬೀಳುತ್ತೆ. ತಾಡಪಾಲು ಬಿಚ್ಚಿ ಗಾಳಿ ಆಡ್ಸಿ, ರಾತ್ರಿ ಮಂಜು ಬೀಳದ ಹಾಗೆ ಮುಚ್ಚಿ" ಎಂದರು. ತಾಜಾ ಈರುಳ್ಳಿಗೆ ಇ-ವೇ ಬಿಲ್ಲಿನ (ಜಿಎಸ್‌ಟಿಯವರ ಸರಕು ಸಾಗಣೆ ಚೀಟಿ) ಕಟ್ಟಳೆಯಿಲ್ಲದ್ದು ನಮಗೆ ಅನುಕೂಲವಾಯಿತು. ಬೇರೆ ಸರಕಾಗಿದ್ದರೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನವೆಂಬ ಅವಧಿಯ ಮೇಲೆ ಕಣ್ಣಿಡಬೇಕಾಗುತ್ತಿತ್ತು; ದಾರಿಯಲ್ಲೇ ಮುಗಿಯುವಂತಿದ್ದರೆ, ಅದು ಮುಗಿಯುವ ಎಂಟು ಗಂಟೆ ಮೊದಲು ಅಥವಾ ಮುಗಿದ ಎಂಟು ಗಂಟೆಯೊಳಗೆ, ಗಾಡಿ ಕೆಟ್ಟಿದೆಯೆಂಬ ಕಾರಣ ನಮೂದಿಸಿ ವಿಸ್ತರಿಸಿಕೊಳ್ಳಬೇಕಾಗುತ್ತಿತ್ತು. ಗ್ಯಾರೇಜಿನಲ್ಲಿ ಕುಳಿತವರು ಇದನ್ನು ಮರೆತರೆ ರಿಪೇರಿಗಿಂತ ದಂಡವೇ ದೊಡ್ಡದಾಗುವ ಸಂಭವವುಂಟು.

ಶುಕ್ರವಾರ

ಬೆಳಿಗ್ಗೆಯೇ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಗಾಳಿಯ ಪೈಪುಗಳನ್ನೂ ಗೇರ್ ಲಿವರಿನ ಕೊಂಡಿಗಳನ್ನೂ ಕಳಚಿ, ಗೇರ್ ಬಾಕ್ಸನ್ನು ಜಾಕಿನ ಮೇಲೆ ಕೂರಿಸಿ ಹಿಂದಕ್ಕೆ ಸರಿಸಿ ಇಳಿಸಿದರು. ಮೇಲೆ 18 ಟನ್ ಮಾಲಿರುವ ಗಾಡಿಯ ಕೆಳಗೆ ಮಾಡುವ ಕೆಲಸವಿದು. ಮೇಸ್ತ್ರಿ ಎಲ್ಲ ಚಕ್ರಗಳಿಗೂ ಮರದ ದಿಮ್ಮಿ ಕೊಡಿಸಿ, ತಾವೇ ಒಂದೊಂದನ್ನೂ ಒದ್ದು ನೋಡಿದ ಮೇಲಷ್ಟೇ ಹುಡುಗರನ್ನು ಒಳಗೆ ಬಿಟ್ಟರು.

ಪ್ರೆಷರ್ ಪ್ಲೇಟನ್ನು ಬಿಚ್ಚಿದಾಗ ಒಳಗಿನ 380 ಮಿಲಿಮೀಟರಿನ ಕ್ಲಚ್ ಪ್ಲೇಟ್ ಕೈಗೆ ಬಂತು. ಒಂದು ಮಗ್ಗುಲಿನ ಲೈನಿಂಗ್ ರಿವೆಟ್ಟುಗಳ ತಲೆಯವರೆಗೆ ಸವೆದು, ಸೀದ ರೊಟ್ಟಿಯ ತಳದಂತೆ ಕರಿಕಲಾಗಿ ಪದರು ಬಿಟ್ಟಿತ್ತು. ಇನ್ನೊಂದು ಮಗ್ಗುಲು ಅಷ್ಟು ಸವೆದಿರಲಿಲ್ಲ, ಆದರೆ ಎಣ್ಣೆ ಕುಡಿದು ಹೊಳೆಯುತ್ತಿತ್ತು. ನಡುವಿನ ಸ್ಪ್ರಿಂಗುಗಳಲ್ಲಿ ಎರಡು ಸಡಿಲವಾಗಿ ಗಲಗಲ ಅನ್ನುತ್ತಿದ್ದವು. ಎಂಜಿನ್ನಿನ ಹಿಂಬದಿಯಲ್ಲಿ ತಿರುಗುವ ಭಾರಿ ಗಾಲಿಯಾದ ಫ್ಲೈವೀಲಿನ ಮುಖದ ಮೇಲೆ ಅಲ್ಲಲ್ಲಿ ನೀಲಿಗಟ್ಟಿದ ಮಚ್ಚೆಗಳಿದ್ದವು, ಕೂದಲೆಳೆಯಂಥ ಬಿರುಕುಗಳೂ ಇದ್ದವು.

ಮೇಸ್ತ್ರಿ ಬೆಲ್ ಹೌಸಿಂಗಿನ ತಳದಲ್ಲಿ ನಿಂತಿದ್ದ ಎಣ್ಣೆಯನ್ನು ಬೆರಳಿಗೆ ತೆಗೆದುಕೊಂಡು ಹೆಬ್ಬೆರಳಿನಿಂದ ತಿಕ್ಕಿದರು, ಮೂಸಿದರು, ಮಾವನ ಮೂಗಿಗೂ ಹಿಡಿದರು. ಆ ತಾವಿಗೆ ಎಣ್ಣೆ ಬರುವುದು ಎರಡು ದಾರಿಯಿಂದ. ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿನ ಸೀಲ್ ಹೋಗಿದ್ದರೆ ಬರುವ ಎಣ್ಣೆ ಮಂದ, ವಾಸನೆ ಘಾಟು. ಎಂಜಿನ್ನಿನ ಹಿಂಬದಿಯ ಕ್ರ್ಯಾಂಕ್ ಸೀಲ್ ಹೋಗಿದ್ದರೆ ಬರುವುದು ತೆಳು ಮತ್ತು ಕಪ್ಪು. ನಮ್ಮದು ತೆಳುವಾಗಿತ್ತು, ಮಸಿಗಪ್ಪಾಗಿತ್ತು. ಹಿಂದಿನ ಸೀಲು ಗಟ್ಟಿಯಾಗಿ ಸೀಳಿ, ಹನಿ ಹನಿಯಾಗಿ ಎಂಜಿನ್ ಆಯಿಲ್ ಫ್ಲೈವೀಲಿಗೆ ಸಿಡಿಯುತ್ತಿದ್ದುದು ಹೀಗೆ ಗೊತ್ತಾಯಿತು.

ಕ್ಲಚ್ ಕೆಲಸ ಮಾಡುವುದು ಉಜ್ಜುವಿಕೆಯ ಬಲದ ಮೇಲೆ. ಎಂಜಿನ್ನಿನ ಫ್ಲೈವೀಲಿಗೂ ಪ್ರೆಷರ್ ಪ್ಲೇಟಿಗೂ ನಡುವೆ ಈ ಲೈನಿಂಗ್ ಒತ್ತಿಹೋಗಿ ಅವುಗಳ ಜೊತೆಗೇ ತಿರುಗಿದರೆ ಶಕ್ತಿಯೆಲ್ಲ ಗೇರ್ ಬಾಕ್ಸಿಗೆ ದಾಟುತ್ತದೆ. ಎಣ್ಣೆ ಬಿದ್ದ ಲೈನಿಂಗ್ ಭಾರ ಬಂದಾಗ ಜಾರುತ್ತದೆ, ಜಾರಿದ್ದು ಕಾಯುತ್ತದೆ, ಕಾದದ್ದು ಇನ್ನಷ್ಟು ಹಿಡಿತ ಕಳೆದುಕೊಳ್ಳುತ್ತದೆ. ಒಮ್ಮೆ ಈ ಸುತ್ತಿಗೆ ಬಿದ್ದರೆ ಕೆಲವೇ ನಿಮಿಷಗಳ ಏರು ಸಾಕು. ಬುಧವಾರ ಖಾಲಿ ಗಾಡಿಯಲ್ಲಿ ತೊಂದರೆ ಕಾಣದೆ, ಭಾರ ಹೇರಿದ ಮೇಲೆ ಕಾತ್ರಜದಲ್ಲಿ ಸುಳಿವು ಕೊಟ್ಟು, ಖಂಬಾಟ್ಕಿಯಲ್ಲಿ ಪೂರ್ತಿ ಸುಟ್ಟಿದ್ದರ ಕಾರಣ ಇದು.

ಹಳೆಯ ಪ್ಲೇಟಿಗೇ ಹೊಸ ಲೈನಿಂಗ್ ಹೊಡೆಸುವ ಅಗ್ಗದ ದಾರಿಯೂ ಇತ್ತು. ಸ್ಪ್ರಿಂಗ್ ಸಡಿಲವಾದ ಪ್ಲೇಟಿಗೆ ಲೈನಿಂಗ್ ಹೊಡೆಸಿ ಊರಿನಿಂದ ಇಷ್ಟು ದೂರದಲ್ಲಿ ನಂಬಿ ಹೊರಡುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಫ್ಲೈವೀಲಿನ ನಡುವೆ ಕೂರುವ ಚಿಕ್ಕ ಬೇರಿಂಗ್, ಹಿಂಬದಿಯ ಕ್ರ್ಯಾಂಕ್ ಸೀಲ್ ಎಲ್ಲವನ್ನೂ ಹೊಸದಾಗಿ ತರಿಸುವುದೆಂದು ನಿಶ್ಚಯವಾಯಿತು. ಗೇರ್ ಬಾಕ್ಸ್ ಇಳಿಸುವ ಕೂಲಿ ಎಲ್ಲದಕ್ಕೂ ಒಂದೇ. ಒಂದು ಬೇರಿಂಗಿನ ಹಣ ಉಳಿಸಲು ಹೋಗಿ ಇನ್ನೊಮ್ಮೆ ಅದನ್ನು ಇಳಿಸುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ಸಾಮಾನು ಸಾತಾರಾದಿಂದ ಬರಬೇಕಿತ್ತು, ಫ್ಲೈವೀಲಿನ ಮುಖವನ್ನು ತೆಳುವಾಗಿ ಕೆತ್ತಿಸಿ ಸಮ ಮಾಡಿಸಲು ಅಲ್ಲಿಯ ಲೇತಿಗೇ ಹೋಗಬೇಕಿತ್ತು. ಅದೇ ಗೂಡ್ಸ್ ಆಟೊದಲ್ಲಿ ಫ್ಲೈವೀಲಿನೊಂದಿಗೆ ನಾನೂ ಹೋದೆ. ಪೆಟ್ಟಿಗೆಯ ಮೇಲಿನ ಪಾರ್ಟ್ ನಂಬರನ್ನು ಹಳೆಯ ಪ್ಲೇಟಿನ ಮೇಲಿನದಕ್ಕೆ ತಾಳೆ ನೋಡಿ, ನಡುವಿನ ಹಲ್ಲುಗಳನ್ನು ಎಣಿಸಿ, ರಸೀದಿ ಬರೆಸಿಕೊಂಡು ಬಂದೆ. ಲೇತಿನವರು ಬಿರುಕು ಮೇಲ್ಮೈಯಲ್ಲಷ್ಟೇ ಇದೆ, ತೆಳುವಾಗಿ ತೆಗೆದರೆ ಹೋಗುತ್ತದೆ ಎಂದದ್ದು ಅಂದಿನ ಸಮಾಧಾನ. ಬಿರುಕು ಆಳಕ್ಕಿಳಿದಿದ್ದರೆ ಫ್ಲೈವೀಲನ್ನೇ ಬದಲಿಸಬೇಕಾಗುತ್ತಿತ್ತು.

ಶನಿವಾರ

ಫ್ಲೈವೀಲ್ ಬರುವವರೆಗೆ ಮಾವ ಹುಡುಗನನ್ನು ಕರೆದುಕೊಂಡು ವಾಯಿಗೆ ಹೋಗಿ, ಕೃಷ್ಣೆಯಲ್ಲಿ ಮಿಂದು, ಢೋಲ್ಯಾ ಗಣಪತಿಗೆ ಕೈಮುಗಿದು ಬಂದರು. ನಾನು ಮಾಲಿನ ಬಳಿಯೇ ಉಳಿದೆ. ತಾಡಪಾಲು ಸರಿಸಿ ಮೇಲಿನ ಸಾಲಿನ ಚೀಲಗಳನ್ನು ಮುಟ್ಟಿ ನೋಡಿದಾಗ ಎರಡು ಮೂರರಲ್ಲಿ ತೇವ ಕಂಡಿತು. ಅವನ್ನು ಇಳಿಸಿ ನೆರಳಿನಲ್ಲಿ ಹರಡಿಸಿದೆ; ಒಂದು ಕೊಳೆತ ಗಡ್ಡೆ ಸುತ್ತಲಿನ ಹತ್ತಕ್ಕೆ ನೀರಿಳಿಸುತ್ತದೆ.

ಮಧ್ಯಾಹ್ನದ ಮೇಲೆ ಜೋಡಣೆ ಶುರುವಾಯಿತು. ಹೊಸ ಸೀಲನ್ನು ಮೇಸ್ತ್ರಿ ಸುತ್ತಿಗೆಯಿಂದ ನೇರವಾಗಿ ಹೊಡೆಯದೆ, ಅದರ ಅಳತೆಯ ಬಳೆಯೊಂದನ್ನು ಮೇಲಿಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದರು. ಪ್ಲೇಟ್ ಎತ್ತಿಕೊಳ್ಳುವ ಮೊದಲು ಸಾಬೂನಿನಲ್ಲಿ ಕೈ ತೊಳೆದರು, ಹುಡುಗರಿಗೂ ತೊಳೆಸಿದರು. ಹಳೆಯ ಇನ್‌ಪುಟ್ ಶಾಫ್ಟಿನ ತುಂಡೊಂದನ್ನು ತೂರಿಸಿ ಪ್ಲೇಟನ್ನು ನಟ್ಟ ನಡುವಿಗೆ ತಂದು, ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಒಂದೊಂದು ಸುತ್ತಿನಂತೆ ಬಿಗಿದರು. ಒಂದೇ ಕಡೆಯಿಂದ ಬಿಗಿಯುತ್ತ ಹೋದರೆ ಕವರ್ ಸೊಟ್ಟಗಾಗಿ, ಹೊರಡುವಾಗ ಗಾಡಿ ನಡುಗುತ್ತದೆ.

ರಾತ್ರಿ ಊಟಕ್ಕೆ ಮುಂಚೆ ಎಲ್ಲ ಮುಗಿಯಿತು. ಮಾವ ಮತ್ತೆ ಹ್ಯಾಂಡ್ ಬ್ರೇಕ್ ಎಳೆದು, ಐದನೆಯ ಗೇರಿಗೆ ಹಾಕಿ, ಕ್ಲಚ್ ಬಿಟ್ಟರು. ಎಂಜಿನ್ ಒಂದು ಸಲ ಕುಕ್ಕಿ ನಿಂತುಹೋಯಿತು. ಮೇಸ್ತ್ರಿ ಕೇಳಿದ ಹಣವನ್ನು ಚೌಕಾಸಿ ಮಾಡದೆ ಕೊಟ್ಟೆ. ಸಾಮಾನು, ಲೇತು, ಕೂಲಿ, ಕ್ರೇನ್ ಸೇರಿ ಈ ಸಲದ ಬಾಡಿಗೆಯ ಲಾಭ ಪೂರ್ತಿ ಹೋಯಿತು. ಆದರೆ ಕೆಲಸ ಮಾತ್ರ ಎಲ್ಲೂ ಕುಂದಿಲ್ಲದ್ದು.

ಭಾನುವಾರ

ಹೊಸ ಲೈನಿಂಗ್ ಫ್ಲೈವೀಲಿನ ಮುಖಕ್ಕೆ ಒಗ್ಗುವವರೆಗೆ ಅದನ್ನು ಕಾಯಿಸಬಾರದು. ಆನೆವಾಡಿ, ತಾಸವಡೆ, ಕಿಣಿ, ಕೋಗನೊಳ್ಳಿ ಹೀಗೆ ಸಾಲಾಗಿ ಬರುವ ಟೋಲ್‌ಗಳ ಸರತಿಯಲ್ಲಿ ಪೆಡಲನ್ನು ಅರ್ಧ ಒತ್ತಿ ಇಂಚಿಂಚು ತೆವಳಿಸುವುದು ಸುಲಭದ ಅಭ್ಯಾಸ. ಲಾರಿಯ ಕ್ಲಚ್ಚುಗಳು ಘಾಟಿನಲ್ಲಿ ಸವೆದಷ್ಟೇ ಇಲ್ಲಿಯೂ ಸವೆಯುತ್ತವೆ. ಮಾವ ಪ್ರತಿ ಸರತಿಯಲ್ಲೂ ಗಾಡಿಯನ್ನು ನ್ಯೂಟ್ರಲ್‌ಗೆ ತಂದು, ಕಾಲನ್ನು ಪೆಡಲಿನಿಂದ ಪೂರ್ತಿ ತೆಗೆದು ನೆಲದ ಮೇಲಿಟ್ಟು, ಮುಂದೆ ಒಂದು ಗಾಡಿಯುದ್ದ ಜಾಗವಾದ ಮೇಲೆ ಮೊದಲ ಗೇರಿನಲ್ಲಿ ಎಬ್ಬಿಸುತ್ತಿದ್ದರು.

ನಿಜವಾದ ಪರೀಕ್ಷೆ ನಿಪ್ಪಾಣಿ ದಾಟಿದ ಮೇಲಿನ ತವಂದಿ ಘಾಟು. ಸಂಜೆಯ ಹೊತ್ತಿಗೆ ಅಲ್ಲಿಗೆ ಬಂದೆವು. ಮೂರನೆಯ ಗೇರು, 1600ರ ಮೇಲೆ ಸೂಜಿ. ಏರು ಕಡಿದಾದ ಕಡೆ ಎಂಜಿನ್ ತುಸು ಉಸಿರುಗಟ್ಟಿ ಸೂಜಿ ಕೆಳಗಿಳಿಯಿತೇ ಹೊರತು ಮೇಲೇಳಲಿಲ್ಲ. "ಇಳೀತು ನೋಡು ಅಳಿಯ, ಹಿಂಗಿರ್ಬೇಕು" ಎಂದರು ಮಾವ. ಭಾರಕ್ಕೆ ಎಂಜಿನ್ ಬಗ್ಗಿದರೆ ಕ್ಲಚ್ ಹಿಡಿದಿದೆಯೆಂದೇ ಅರ್ಥ. ತಲೆಯ ಮೇಲೆ ಬದಿಗೆ ನಿಲ್ಲಿಸಿ, ಬೆಲ್ ಹೌಸಿಂಗಿನ ತಳದ ತೂತಿಗೆ ಬೆರಳು ಹಾಕಿ ನೋಡಿದೆ. ಒಣಗಿತ್ತು. ರಾತ್ರಿ ಬೆಳಗಾವಿಯ ಹತ್ತಿರ ತಂಗಿದೆವು.

ಸೋಮವಾರ

ಹುಬ್ಬಳ್ಳಿಯಿಂದ ಆಚೆಗೆ ಘಾಟಿಯಿಲ್ಲದ ದಾರಿ, ಹೇಳಲು ಹೆಚ್ಚೇನಿಲ್ಲ. ಚಿತ್ರದುರ್ಗದಲ್ಲಿ ಊಟ ಮಾಡಿ, ತುಮಕೂರು ದಾಟಿ, ಕತ್ತಲಾದ ಮೇಲೆ ಯಶವಂತಪುರ ಮುಟ್ಟಿದೆವು. ಮಂಡಿಯವರು ರಾತ್ರಿಯೇ ಮಾಲು ಇಳಿಸಿಕೊಂಡರು. ಏಳು ಚೀಲಗಳಲ್ಲಿ ಕೊಳೆತದ್ದನ್ನು ಆಯ್ದು ತೆಗೆಯಬೇಕಾಯಿತು, ಮಿಕ್ಕದ್ದು ಬೆಳಗಿನ ಹರಾಜಿಗೆ ಒಳ್ಳೆಯ ಮಾಲಿನ ಸಾಲಿನಲ್ಲೇ ಕೂತಿತು. ತಡವಾದದ್ದಕ್ಕೆ ಅವರು ಬಾಡಿಗೆಯಲ್ಲಿ ಕಡಿತ ಮಾಡಲಿಲ್ಲ. ಘಾಟಿನಲ್ಲಿ ಗಾಡಿ ನಿಂತ ದಿನವೇ ತಿಳಿಸಿದ್ದು ಅದಕ್ಕೆ ಕಾರಣವೆಂದು ಅವರೇ ಹೇಳಿದರು. ಮೇಸ್ತ್ರಿ ಹೇಳಿಕಳಿಸಿದಂತೆ ಗೇರ್ ಬಾಕ್ಸಿನ ಮೌಂಟಿಂಗ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಸುವ ಕೆಲಸವೊಂದು ಬಾಕಿ. ಅದನ್ನು ನಾಳೆ ಪೀಣ್ಯದಲ್ಲಿ ಮುಗಿಸಿಕೊಂಡು, ಆಮೇಲೆ ತಿಪಟೂರಿನ ದಾರಿ ಹಿಡಿಯುವುದೆಂದು ಮಾವ ಗಾಡಿಯ ಪುಸ್ತಕದಲ್ಲಿ ಕಿಲೋಮೀಟರ್ ಬರೆದಿಟ್ಟರು.